ಮುಳುಗುವ ಚಂದ್ರನ ಮೇಲೆ ನಮ್ಮದೇ ನೆರಳು

ಕಪ್ಪಾಗದ ಗ್ರಹಣವೂ ಒಂದುಂಟು! ಅದರಲ್ಲಿ ಚಂದ್ರ ತುಂಡಾಗುವುದಿಲ್ಲ, ಕೆಂಪಾಗುವುದೂ ಇಲ್ಲ. ಒಂದು ಅಂಚಿಗೆ ತೆಳುವಾಗಿ ಹೊಗೆ ಹಿಡಿದಂತೆ ಮಂಕು ಕವಿಯುತ್ತದೆ, ಅಷ್ಟೆ. ಈ ಅರೆನೆರಳಿನ ಗ್ರಹಣವನ್ನು ಪಂಚಾಂಗದವರು ಸಾಮಾನ್ಯವಾಗಿ ಆಚರಣೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂತಕವಿಲ್ಲ, ಗ್ರಹಣಸ್ನಾನವಿಲ್ಲ, ಯಾರೂ ಏಳುವುದಿಲ್ಲ. ಆದರೆ 2017ರ ಫೆಬ್ರುವರಿ 11ರ ಬೆಳಗಿನ ಜಾವ ನಮ್ಮ ಕರಾವಳಿಯ ಪಡುವಣ ಬಾನಿನಲ್ಲಿ ನಡೆದದ್ದಿದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ!

4:04ಕ್ಕೆ ಚಂದ್ರ ಅರೆನೆರಳಿಗೆ ಕಾಲಿಟ್ಟ. ಬಹಳ ಹೊತ್ತು ಬರಿಗಣ್ಣಿಗೆ ಏನೂ ಗೊತ್ತಾಗಲಿಲ್ಲ. 6:14ಕ್ಕೆ ಗ್ರಹಣದ ನಡುಘಟ್ಟ. ಸೂರ್ಯೋದಯಕ್ಕೆ ಇನ್ನು ಸುಮಾರು 40 ನಿಮಿಷ. ಮಲ್ಪೆಯ ಮರಳಿನ ಮೇಲೆ ನಿಂತರೆ ಎದುರಿಗೆ ಕಡಲು, ಅದರ ಮೇಲೆ ತಗ್ಗಿ ಇಳಿದ ಹುಣ್ಣಿಮೆ ಚಂದ್ರ. ಅವನ ಬಲಗಡೆಯ ಮೇಲಂಚು ನಿಚ್ಚಳವಾಗಿ ಮಸುಕು!

ಬಲಗಡೆಯೇ ಏಕೆ? ಚಂದ್ರ ಅಂದು ಭೂಮಿಯ ದಟ್ಟ ನೆರಳಿಗೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡು, ಅದರ ದಕ್ಷಿಣಕ್ಕೆ ಹಾದುಹೋದ. ಹಾಗಾಗಿ ನೆರಳಿಗೆ ತೀರ ಹತ್ತಿರವಾದದ್ದು ಅವನ ಉತ್ತರದ ಅಂಚು. ಯುರೋಪಿನಲ್ಲಿ ಆಗ ನಡುರಾತ್ರಿ, ಚಂದ್ರ ಆಕಾಶದಲ್ಲಿ ಎತ್ತರಕ್ಕಿದ್ದ. ಅಲ್ಲಿನವರು ಮಂಕನ್ನು ಅವನ ತಲೆಯ ಮೇಲೆ ಕಂಡರು. ನಮಗೆ ಅವನು ಪಶ್ಚಿಮದಲ್ಲಿ ಮುಳುಗುತ್ತಿದ್ದ. ಪಡುವಣಕ್ಕೆ ಮುಖ ಮಾಡಿದವರಿಗೆ ಉತ್ತರ ಬಲಕ್ಕೆ ತಾನೆ!

ಕಡಲ ಮೇಲಿನ ಮಬ್ಬನ್ನೇ ಗ್ರಹಣವೆಂದು ತಿಳಿದೆವೇನೋ ಎಂಬ ಅನುಮಾನ ಬರುವುದು ಸಹಜ. ಆದರೆ ಮಬ್ಬು ಚಂದ್ರನನ್ನು ಕೆಳಗಿನಿಂದ ಮಂಕಾಗಿಸುತ್ತದೆ, ನೀರಿಗೆ ಹತ್ತಿರವಾದ ಅಂಚು ಮೊದಲು ಕೆಂಪಡರುತ್ತದೆ. ಗ್ರಹಣದ ಮಂಕು ಇದ್ದದ್ದು ಮೇಲೆ, ಬಲಕ್ಕೆ. ಒಂದೇ ಬಿಂಬದಲ್ಲಿ ಎರಡು ಮಸುಕು: ಕೆಳಗಿನದು ನಮ್ಮ ಗಾಳಿಯದು, ಮೇಲಿನದು ನಮ್ಮ ಭೂಮಿಯದು!

ಈಗ ಆ ಮಸುಕಾದ ಅಂಚಿನ ಮೇಲೆ ನೀವೇ ನಿಂತಿದ್ದೀರಿ ಎಂದುಕೊಳ್ಳಿ. ಅಲ್ಲಿಂದ ಕಾಣುವುದು ಸೂರ್ಯಗ್ರಹಣ! ಸೂರ್ಯನಿಗಿಂತ ಮೂರೂವರೆ ಪಟ್ಟು ಅಗಲವಾಗಿ ಕಾಣುವ ಭೂಮಿ ಅವನನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿ, ಒಂದು ಸಣ್ಣ ಎಸಳನ್ನಷ್ಟೇ ಉಳಿಸಿರುತ್ತದೆ. ಅದೇ ಹೊತ್ತಿಗೆ ಚಂದ್ರನ ದಕ್ಷಿಣದ ತುತ್ತತುದಿಯಲ್ಲಿ ನಿಂತವರಿಗೆ ಸೂರ್ಯ ಇಡಿಯಾಗಿ ಕಾಣುತ್ತಾನೆ. ಇವೆರಡರ ನಡುವಿನ ಎಲ್ಲ ಹಂತಗಳೂ ಆ ಪುಟ್ಟ ಬಿಂಬದ ಮೇಲೆ ಬೆಳಕಿನ ಏರಿಳಿತವಾಗಿ ಹರಡಿಕೊಂಡಿದ್ದವು.

ಇಷ್ಟಕ್ಕೇ ಮುಗಿಯಲಿಲ್ಲ. 6:40ರ ಸುಮಾರಿಗೆ ಪಶ್ಚಿಮದಲ್ಲಿ ಗುಲಾಬಿ ಪಟ್ಟಿಯೊಂದು ಮೂಡಿತು. ಅದರ ಕೆಳಗೆ, ಕಡಲಿಗೆ ಅಂಟಿಕೊಂಡಂತೆ, ನೀಲಿಬೂದು ಬಣ್ಣದ ಇನ್ನೊಂದು ಪಟ್ಟಿ. ನಿರ್ಮಲ ಆಕಾಶವಿದ್ದರೆ ಇದನ್ನು ಯಾವ ಮುಂಜಾನೆಯಾದರೂ ನೋಡಬಹುದು. ಆ ನೀಲಿ ಪಟ್ಟಿಯೇ ನಮ್ಮ ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ಅಂದು ಚಂದ್ರ ಇಳಿದದ್ದು ಅದರೊಳಕ್ಕೇ! ಇಲ್ಲಿ ಗಾಳಿಯ ಮೇಲೆ ಕಾಣುವ ನೆರಳೇ ಆಚೆಗೆ ಚಾಚಿ, ಸುಮಾರು 3.8 ಲಕ್ಷ ಕಿಲೋಮೀಟರ್ ದೂರದಲ್ಲಿ ತನ್ನ ಹೊರಸೆರಗನ್ನು ಚಂದ್ರನಿಗೆ ಸೋಕಿಸಿತ್ತು. ನೆರಳಿನ ಬುಡವನ್ನೂ ಸೆರಗನ್ನೂ ಒಂದೇ ನೋಟದಲ್ಲಿ ಹಿಡಿಯಲು ಸಿಗುವುದು ಗ್ರಹಣ ಹಿಡಿದ ಚಂದ್ರ ದಿಗಂತಕ್ಕೆ ಬಂದಾಗ ಮಾತ್ರ. ನೆತ್ತಿಯ ಮೇಲಿನ ಗ್ರಹಣ ಎಷ್ಟೇ ಸೊಗಸಾಗಿರಲಿ, ಈ ಭಾಗ್ಯ ಅದಕ್ಕಿಲ್ಲ.

ಗ್ರಹಣ ಬಿಟ್ಟದ್ದು 8:23ಕ್ಕೆ. ಅಷ್ಟರಲ್ಲಿ ಚಂದ್ರ ನಮ್ಮ ಕಡಲನ್ನು ದಾಟಿ ಎಷ್ಟೋ ಹೊತ್ತಾಗಿತ್ತು.

2027ರ ಫೆಬ್ರುವರಿ 21ರ ಬೆಳಗಿನ ಜಾವ ಇಂಥದೇ ಇನ್ನೊಂದು ಗ್ರಹಣವಿದೆ. ನಡುಘಟ್ಟ 4:43ಕ್ಕೆ, ಮುಕ್ತಾಯ 6:43ರ ಹೊತ್ತಿಗೆ. ಈ ಸಲವೂ ಮಂಕು ಕಾಣುವುದು ಉತ್ತರದ ಅಂಚಿನಲ್ಲೇ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಪರದೆಯ ಮೇಲೆ ಚಂದ್ರನನ್ನು ಒತ್ತಿ ಹಿಡಿದು ಬೆಳಕು ತಗ್ಗಿಸಿಕೊಳ್ಳಿ; ಇಲ್ಲದಿದ್ದರೆ ಬಿಂಬ ಬೆಳ್ಳಗೆ ಬೆಳಗಿ ನೆರಳು ದಕ್ಕುವುದಿಲ್ಲ.