ಹದಿನಾರು ಚುಕ್ಕಿಯಲ್ಲಿ ಹದಿನೈದು ಯಂತ್ರದ್ದು

ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಫೋಟೋಕ್ಕಾಗಿ ಹುಡುಕಾಟ ಶುರುವಾಗುತ್ತದೆ. ಒಳ್ಳೆಯದೊಂದು ಇರುವುದೇ ಇಲ್ಲ. ಕೊನೆಗೆ ಸಿಗುವುದು ಯಾರದೋ ಮದುವೆಯ ಗ್ರೂಪ್ ಫೋಟೋ, ಅದೂ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕೈದು ಕೈ ದಾಟಿ ಬಂದದ್ದು. ಎರಡನೇ ಸಾಲಿನಲ್ಲಿ ನಿಂತ ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ವೈಕುಂಠ ಸಮಾರಾಧನೆಯ ಹೊತ್ತಿಗೆ ಕಟ್ಟು ಹಾಕಿಸಿ ಕೊಡಬೇಕು. ಮೊದಲಾದರೆ ಸ್ಟುಡಿಯೋದವರು ಫೋಟೋಶಾಪ್ ಮುಂದೆ ಗಂಟೆಗಟ್ಟಲೆ ಕೂತು ತಿದ್ದುತ್ತಿದ್ದರು. ಈಗ ಎಐ ತಂತ್ರಾಂಶಕ್ಕೆ ಕೊಟ್ಟರೆ ಸಾಕು, ರೆಪ್ಪೆಗೂದಲೂ ಬಿಡಿಬಿಡಿಯಾಗಿ ಕಾಣುವ ಮುಖ ನಿಮಿಷದಲ್ಲಿ ಸಿದ್ಧ. ಆ ರೆಪ್ಪೆಗೂದಲು ಅಜ್ಜಿಯದೇನಾ ಎಂಬುದು ಮಾತ್ರ ಕೇಳಬೇಕಾದ ಪ್ರಶ್ನೆ.

ಲೆಕ್ಕ ಸರಳವಾಗಿದೆ. ಡಿಜಿಟಲ್ ಫೋಟೋ ಎಂದರೆ ಬಣ್ಣದ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ ಸಾಲುಗಳು. ಹಳೆಯ ಮೊಬೈಲಿನ 640×480 ಅಳತೆಯ ಚಿತ್ರದಲ್ಲಿ 3,07,200 ಚುಕ್ಕಿಗಳಿರುತ್ತವೆ. ಅಗಲ, ಎತ್ತರ ಎರಡನ್ನೂ ನಾಲ್ಕು ಪಟ್ಟು ಹಿಗ್ಗಿಸಿದರೆ ಬೇಕಾಗುವುದು 49,15,200. ಮೂಲದ ಒಂದು ಚುಕ್ಕಿ ಇದ್ದಲ್ಲಿ ಈಗ ಹದಿನಾರು. ಕ್ಯಾಮೆರಾ ಕಂಡದ್ದು ಒಂದರಷ್ಟು ಮಾತ್ರ, ಉಳಿದ ಹದಿನೈದನ್ನು ಯಾರಾದರೂ ತುಂಬಲೇಬೇಕು.

ಹಳೆಯ ತಂತ್ರಾಂಶಗಳು ಅಕ್ಕಪಕ್ಕದ ಚುಕ್ಕಿಗಳ ಬಣ್ಣ ನೋಡಿ ಸರಾಸರಿ ತೆಗೆದು ತುಂಬುತ್ತಿದ್ದವು. ಚಿತ್ರ ಮಸುಕಾಗುತ್ತಿತ್ತು, ಆದರೆ ಇಲ್ಲದ್ದೇನೂ ಅದರಲ್ಲಿ ಬಂದು ಸೇರುತ್ತಿರಲಿಲ್ಲ. 2014ರಲ್ಲಿ ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದರು. ಒಳ್ಳೆಯ ಫೋಟೋಗಳನ್ನು ಬೇಕೆಂದೇ ಚಿಕ್ಕದು ಮಾಡಿ, ಅವನ್ನು ಮತ್ತೆ ಮೊದಲಿನಂತೆ ಮಾಡುವುದನ್ನು ನ್ಯೂರಲ್ ನೆಟ್‌ವರ್ಕ್ ಎಂಬ ಬಗೆಯ ಕಂಪ್ಯೂಟರ್ ಜಾಲವೊಂದಕ್ಕೆ ಕಲಿಸಿದರು. ಉತ್ತರ ಕೈಯಲ್ಲೇ ಇರುವುದರಿಂದ ಪ್ರತಿ ಸಲವೂ ತಪ್ಪು ಅಳೆದು ತಿದ್ದಬಹುದು. ಹೀಗೆ ಕಲಿತ ಯಂತ್ರಕ್ಕೆ ಎಲೆಯ ಅಂಚು ಹೇಗಿರುತ್ತದೆ, ಕೂದಲ ಎಳೆ ಹೇಗೆ ಹರಿಯುತ್ತದೆ ಎಂಬುದರ ಅಂದಾಜು ಸಿಗುತ್ತದೆ.

ಮುಂದಿನ ದೊಡ್ಡ ಹೆಜ್ಜೆ 2016-17ರದು. ಒಂದು ಜಾಲ ಚಿತ್ರ ರಚಿಸುವುದು, ಇನ್ನೊಂದು ಅದು ನಿಜವಾದ ಫೋಟೋವೋ ಕೃತಕವೋ ಎಂದು ಪರೀಕ್ಷಿಸುವುದು. ಪರೀಕ್ಷಕನನ್ನು ನಂಬಿಸುವುದೇ ಮೊದಲನೆಯದರ ಗುರಿ. ಚಿತ್ರಗಳು ಥಟ್ಟನೆ ಚೂಪಾದವು. ಇಲ್ಲಿ ಆದ ಬದಲಾವಣೆಯನ್ನು ಓದುಗರು ಗಮನಿಸಬೇಕು: ಮೂಲಕ್ಕೆ ಹತ್ತಿರ ಇರುವುದರ ಜೊತೆಗೆ, ನೋಡುವವರಿಗೆ ನಿಜವೆನಿಸುವುದೂ ಯಂತ್ರಕ್ಕೆ ಅಂಕ ತಂದುಕೊಡತೊಡಗಿತು.

ಇದರ ಪರಿಣಾಮ 2020ರ ಜೂನ್‌ನಲ್ಲಿ ಜಗತ್ತಿಗೇ ಕಂಡಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ‘ಪಲ್ಸ್’ ಎಂಬ ವಿಧಾನ ರೂಪಿಸಿದ್ದರು. ಬರೀ 16×16, ಅಂದರೆ 256 ಚುಕ್ಕಿಗಳ ಮುಖವನ್ನು ಅದು 1024×1024ಕ್ಕೆ ಹಿಗ್ಗಿಸುತ್ತಿತ್ತು. ಯಾರೋ ಬರಾಕ್ ಒಬಾಮ ಅವರ ಮಸುಕು ಚಿತ್ರವನ್ನು ಅದಕ್ಕೆ ಕೊಟ್ಟರು. ಮಸುಕಿನಲ್ಲೂ ಅದು ಒಬಾಮ ಎಂದು ಯಾರಾದರೂ ಗುರುತಿಸಬಹುದಿತ್ತು. ಹೊರಬಂದದ್ದು ಒಬ್ಬ ಬಿಳಿಯನ ಮುಖ! ಆ ಮುಖವನ್ನು ಮತ್ತೆ ಚಿಕ್ಕದು ಮಾಡಿದರೆ ಕೊಟ್ಟಿದ್ದ ಮಸುಕು ಚಿತ್ರಕ್ಕೇ ಹೊಂದುತ್ತಿತ್ತು. ಒಂದೇ ಮಸುಕು ಚಿತ್ರಕ್ಕೆ ಸಾವಿರಾರು ಬೇರೆಬೇರೆ ಮುಖಗಳು ಹೊಂದುತ್ತವೆ. ಯಂತ್ರ ತನಗೆ ಹೆಚ್ಚು ಪರಿಚಯವಿರುವುದನ್ನು ಆರಿಸಿಕೊಳ್ಳುತ್ತದೆ. ಮೂಗುತಿ, ಬೆಂಡೋಲೆಗಳನ್ನು ಹೆಚ್ಚು ಕಂಡಿರದ ತಂತ್ರಾಂಶ ಅಜ್ಜಿಯ ಮೂಗುತಿಯ ಮಿಂಚನ್ನು ಕಲೆಯೆಂದು ಬಗೆದು ಒರೆಸಿಹಾಕಿದರೆ ಆಶ್ಚರ್ಯವಿಲ್ಲ.

ಚಂದ್ರನೂ ಇದಕ್ಕೆ ಹೊರತಲ್ಲ. 2023ರ ಮಾರ್ಚ್‌ನಲ್ಲಿ ಒಬ್ಬರು ಚಂದ್ರನ ಚಿತ್ರವನ್ನು 170×170 ಚುಕ್ಕಿಗಳಿಗೆ ಇಳಿಸಿ, ಇನ್ನಷ್ಟು ಮಸುಕು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಫೋಟೋ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದ್ದವು. ಚಂದ್ರನನ್ನು ಗುರುತಿಸಿ ವಿವರ ಹೆಚ್ಚಿಸಲು ಎಐ ಬಳಸುವುದಾಗಿ ಕಂಪನಿಯೇ ವಿವರಣೆ ಕೊಟ್ಟಿತು.

ಕೋರ್ಟಿನಲ್ಲಂತೂ ಇದು ಸಾವು-ಬದುಕಿನ ವಿಷಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೊಲೆ ಪ್ರಕರಣವೊಂದರ ಆರೋಪಿಯ ಪರ ವಕೀಲರು, ಮೊಬೈಲ್ ವಿಡಿಯೋವನ್ನು ಎಐನಿಂದ ಸ್ಪಷ್ಟಗೊಳಿಸಿ ಸಾಕ್ಷ್ಯವಾಗಿ ತಂದಿದ್ದರು. 2024ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಮೂಲದಲ್ಲಿ ಇರುವುದನ್ನು ಬಿಟ್ಟು, ಇರಬೇಕೆಂದು ಯಂತ್ರ ಭಾವಿಸಿದ್ದನ್ನು ಅದು ತೋರಿಸುತ್ತದೆ ಎಂಬುದು ಅವರ ಆಕ್ಷೇಪ. ಸರಿಯಾದ ತೀರ್ಮಾನ. ಸಿಸಿಟಿವಿ ಚಿತ್ರವನ್ನು ಎಐಗೆ ಕೊಟ್ಟು ‘ಕಳ್ಳ ಇವನೇ’ ಎಂದು ಹಂಚುವವರೆಲ್ಲ ಇದನ್ನು ತಿಳಿದಿರಬೇಕು.

ಅಕ್ಷರಗಳ ವಿಷಯದಲ್ಲಿ ಕನ್ನಡಿಗರಿಗೆ ಬೇರೆಯದೇ ಎಚ್ಚರ ಬೇಕು. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ‘ಪ’ ಮತ್ತು ‘ಷ’ಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ಮಸುಕು ಫೋಟೋದಲ್ಲಿ ಆ ಗೆರೆ ಅರ್ಧ ಚುಕ್ಕಿಯಷ್ಟೂ ಇರುವುದಿಲ್ಲ. ಹಳೆಯ ಪತ್ರ, ಶಾಸನ, ಅಂಗಡಿ ಬೋರ್ಡುಗಳನ್ನು ಓದಲು ಹಿಗ್ಗಿಸಿದ ಪ್ರತಿಯನ್ನು ನೆಚ್ಚಿಕೊಂಡರೆ ಹೆಸರೇ ಬದಲಾದೀತು.

ಹಾಗೆಂದು ಈ ತಂತ್ರವನ್ನು ದೂರವಿಡಬೇಕಿಲ್ಲ. ಪಶ್ಚಿಮ ಘಟ್ಟದ ಕಾಡು, ಹಂಪಿಯ ಬಂಡೆಗಳು, ಹೂವು, ಸೀರೆಯ ಅಂಚು ಮುಂತಾದ ಚಿತ್ರಗಳಲ್ಲಿ ಒಂದೆರಡು ಎಲೆ ಅತ್ತಿತ್ತ ಆದರೆ ಯಾರಿಗೂ ನಷ್ಟವಿಲ್ಲ. ಹಳೆಯ ಕಡಿಮೆ ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರಗಳು ಗೋಡೆ ಅಲಂಕರಿಸುವಷ್ಟು ದೊಡ್ಡದಾಗುತ್ತವೆ. ಅಡೋಬಿ 2021ರಲ್ಲಿ ತಂದ ‘ಸೂಪರ್ ರೆಸಲ್ಯೂಷನ್’ 10 ಮೆಗಾಪಿಕ್ಸೆಲ್ ಚಿತ್ರವನ್ನು 40ಕ್ಕೆ ಏರಿಸುತ್ತದೆ. ‘ಅಪ್‌ಸ್ಕೇಲ್’ ಎಂಬ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವುದರಿಂದ ಮನೆಯವರ ಫೋಟೋ ಯಾವುದೋ ವೆಬ್‌ಸೈಟಿನ ಪಾಲಾಗುವ ಭಯವಿಲ್ಲ.

ಮುಖದ ಚಿತ್ರವಾದರೆ ಮೊದಲು ಮೂಲ ಪ್ರತಿಯನ್ನು ಹುಡುಕಿ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಂತೆ, 12×18 ಇಂಚಿನ ಪ್ರಿಂಟಿಗೆ 3600×5400 ಚುಕ್ಕಿಗಳು ಬೇಕು. ವಾಟ್ಸ್‌ಆ್ಯಪ್ ಕುಗ್ಗಿಸಿ ಕಳಿಸಿದ 1600×1200ರ ಚಿತ್ರ ಹೆಚ್ಚೆಂದರೆ ಐದು ಇಂಚಿಗೆ ಸಾಕಾಗುತ್ತದೆ. ಫೋಟೋ ತೆಗೆದವರ ಫೋನಿನಿಂದ ಅದನ್ನೇ ‘ಡಾಕ್ಯುಮೆಂಟ್’ ಆಗಿ ತರಿಸಿಕೊಂಡರೆ ಎಷ್ಟೋ ಸಲ ಎಐ ಬೇಕಾಗುವುದೇ ಇಲ್ಲ. ಆಲ್ಬಮ್ಮಿನ ಹಳೆಯ ಫೋಟೋ ಇದ್ದರೆ ಮೊಬೈಲಿನಲ್ಲಿ ಕ್ಲಿಕ್ಕಿಸದೆ ಸ್ಕ್ಯಾನ್ ಮಾಡಿಸಿ. ಎಐ ಬಳಸಲೇಬೇಕಾದರೆ ನಾಲ್ಕು ಪಟ್ಟಿನ ಬದಲು ಎರಡು ಪಟ್ಟಿಗೆ ನಿಲ್ಲಿಸಿ, ಮುಖ ತಿದ್ದುವ ಆಯ್ಕೆಯನ್ನು ಆಫ್ ಮಾಡಲು ಸ್ಟುಡಿಯೋದವರಿಗೆ ಹೇಳಿ. ಪ್ರಿಂಟಿಗೆ ಮುಂಚೆ ಚಿತ್ರದಲ್ಲಿರುವವರನ್ನು ಹತ್ತಿರದಿಂದ ಕಂಡ ಒಬ್ಬರಿಗೆ ತೋರಿಸಿ. ಮಸುಕಾದ ಮೂಲ ಫೈಲನ್ನು ಮಾತ್ರ ಯಾವ ಕಾರಣಕ್ಕೂ ಅಳಿಸಬೇಡಿ.