ಗಡಿನಾಡ ಪದಸಂಗ್ರಹದಲ್ಲಿ ಪಾಠರಕ್ಷಣೆ: ಧ್ವನಿಫೈಲುಗಳ ಹಂಚಿಕೆ ಮತ್ತು ಕೂಡಿ ಬರೆಯುವ ಕ್ರಮ

ಗಡಿನಾಡಿನ ಉಪಭಾಷೆಗಳ ಪದಸಂಗ್ರಹ ಒಬ್ಬನ ಕೈಯಿಂದ ಆಗತಕ್ಕ ಕೆಲಸವಲ್ಲ. ಕಾಸರಗೋಡಿನ ಹವ್ಯಕ ಕನ್ನಡ ಬಲ್ಲವನಿಗೆ ಅಕ್ಕಲಕೋಟದ ಮಾತಿನ ಓಟ ಕಿವಿಗೆ ಹತ್ತುವುದಿಲ್ಲ. ತಾಳವಾಡಿಯವರಿಗೆ ನಮ್ಮ 'ಬಪ್ಪದು', 'ಹೋಪದು' ಹೊಸತು. ಆದುದರಿಂದ ನಾವು ಐದು ಜನ ಸೇರಿ ಒಂದು ತೌಲನಿಕ ಪದಪಟ್ಟಿಯನ್ನು ಮಾಡುತ್ತಿದ್ದೇವೆ. ಕಾಸರಗೋಡಿನವರು ನಾನು ಮತ್ತು ನನ್ನ ಸೋದರಳಿಯ, ತಾಳವಾಡಿಯ ಒಬ್ಬ ಅಧ್ಯಾಪಿಕೆ, ಅಕ್ಕಲಕೋಟದ ಒಬ್ಬ ಮಾಸ್ತರರು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಒಬ್ಬ ಹುಡುಗ. ಐವರೂ ಒಂದೇ ಕೋಣೆಯಲ್ಲಿ ಕೂತದ್ದು ಇಲ್ಲಿಯವರೆಗೆ ಒಂದೇ ಸಲ. ಉಳಿದದ್ದೆಲ್ಲ ಅಂತರ್ಜಾಲದ ಮೂಲಕ ನಡೆದಿದೆ. ಮೂವತ್ತೈದು ವರ್ಷ ಶಬ್ದರೂಪ ಧಾತುರೂಪ ಹೇಳಿಕೊಟ್ಟ ನನ್ನಂಥವನು ಈ ವಿಷಯದ ಮೇಲೆ ಪ್ರಬಂಧ ಓದುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಇದು ಯಂತ್ರದ ಪ್ರಶ್ನೆಗಿಂತ ಹೆಚ್ಚಾಗಿ ಪಾಠದ ಪ್ರಶ್ನೆ. ಹಲವು ಕೈ ಆಡಿದ ಕಡೆ ಮೂಲಪಾಠ ಹೇಗೆ ಉಳಿಯಬೇಕು ಎಂಬುದು ನಮ್ಮ ಪಂಡಿತರಿಗೆ ಹೊಸ ಚಿಂತೆ ಅಲ್ಲ.

ಮೊದಲು ಧ್ವನಿಯ ತೂಕದ ವಿಚಾರ. ಕುಗ್ಗಿಸದ ಧ್ವನಿಮುದ್ರಿಕೆ, ಅಂದರೆ ವೇವ್ ಎಂಬ ರೂಪದ್ದು, ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿಯುತ್ತದೆ. ಒಂದೊಂದು ಮಾದರಿಗೆ 2 ಬೈಟು. ಒಂದೇ ಮೈಕಿನ ಮುದ್ರಣವಾದರೂ ನಿಮಿಷಕ್ಕೆ 5 ಎಂಬಿಗಿಂತ ಮೇಲೆ, ಗಂಟೆಗೆ ಸುಮಾರು 317 ಎಂಬಿ ಆಗುತ್ತದೆ. ಜೀಮೇಲಿನಲ್ಲಿ ಪತ್ರಕ್ಕೆ ಲಗತ್ತಿಸಬಹುದಾದ್ದು 25 ಎಂಬಿ. ಅದರಲ್ಲೂ ಅಂಚೆಗಾಗಿ ಫೈಲನ್ನು ಸಂಕೇತಕ್ಕೆ ಇಳಿಸುವಾಗ ಗಾತ್ರ ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹಾಗಾಗಿ ಮೂರೂವರೆ ನಿಮಿಷದ ಮಾತು ಹೋದರೆ ಹೆಚ್ಚು. ಅಕ್ಕಲಕೋಟದ ಮಾಸ್ತರರು ಆರಂಭದಲ್ಲಿ ದಿನಾ ಫೋನು ಮಾಡಿ "ಫೈಲ್ ಹೋಗವಲ್ದು ನೋಡ್ರಿ ಗುರುಗಳ" ಎನ್ನುತ್ತಿದ್ದರು. (ಆ 'ಹೋಗವಲ್ದು' ಎಂಬ ನಿಷೇಧರೂಪವನ್ನೇ ನಾನು ಮೊದಲು ಪಟ್ಟಿಗೆ ಬರೆದುಕೊಂಡೆ, ಫೈಲಿನ ಚಿಂತೆ ಆಮೇಲೆ.)

ಆಗ ಎಲ್ಲರಿಗೂ ಹೊಳೆಯುವ ಉಪಾಯ ವಾಟ್ಸಾಪು. ಅಲ್ಲಿ ಧ್ವನಿಸಂದೇಶವಾಗಿ ಕಳಿಸಿದರೆ ಅದು ಧ್ವನಿಯನ್ನು ಕುಗ್ಗಿಸಿಯೇ ಒಯ್ಯುತ್ತದೆ. ಕಥೆಯ ಅರ್ಥಕ್ಕೆ ಅದರಿಂದ ಬಾಧಕವಿಲ್ಲ. ಆದರೆ ಕಾಸರಗೋಡು ಹವ್ಯಕದಲ್ಲಿ ಪದದ ಕೊನೆಗೆ ಮೆಲ್ಲನೆ ಬರುವ ಅನುನಾಸಿಕ ಇದೆಯೋ ಇಲ್ಲವೋ ಎಂದು ಅಳೆದು ನೋಡಬೇಕಾದವರಿಗೆ ಕುಗ್ಗಿಸಿದ ಧ್ವನಿ ನೆಚ್ಚತಕ್ಕದ್ದಲ್ಲ. ಅದೇ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಎಂದು ಆರಿಸಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. 2022ರಿಂದ ಅದರ ಮಿತಿ 2 ಜಿಬಿ. ಗಾತ್ರ ಕಡಿಮೆ ಮಾಡಲೇಬೇಕಿದ್ದರೆ ಫ್ಲ್ಯಾಕ್ ಎಂಬ ರೂಪವಿದೆ. ಅದು ಸುಮಾರು ಅರ್ಧಕ್ಕೆ ಇಳಿಸಿದರೂ ಬಿಚ್ಚಿದಾಗ ಒಂದು ಮಾದರಿಯೂ ಕಳೆದುಹೋಗಿರುವುದಿಲ್ಲ. ಎಂಪಿ3 ಹಾಗಲ್ಲ; ಅದು ಬಿಟ್ಟದ್ದು ಮರಳಿ ಬಾರದು.

ಆದರೆ ಫೈಲನ್ನು ಐವರಿಗೂ ಕಳಿಸುವುದೇ ಸರಿಯಾದ ಕ್ರಮವಲ್ಲ. ಐದು ಕಡೆ ಐದು ಪ್ರತಿ, ಒಂದೊಂದಕ್ಕೆ ಒಂದೊಂದು ಹೆಸರು, ಯಾವುದು ಮಾತೃಕೆ ಎಂದು ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ. ಫೈಲನ್ನು ಒಂದೇ ಸ್ಥಳದಲ್ಲಿಟ್ಟು ಅದರ ಲಿಂಕನ್ನು ಮಾತ್ರ ಕೊಡಬೇಕು. ನಾವು ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರು ಮಾಡಿಕೊಂಡೆವು. ಶುಲ್ಕವಿಲ್ಲದ ಖಾತೆಗೆ ಸಾಮಾನ್ಯವಾಗಿ 15 ಜಿಬಿ. ಮೇಲಿನ ಲೆಕ್ಕದಲ್ಲಿ ಸುಮಾರು 47 ಗಂಟೆಯ ಮಾತು, ಖಾತೆಯಲ್ಲಿ ಅಂಚೆ ಮತ್ತು ಚಿತ್ರಗಳ ಭಾರ ಇಲ್ಲದಿದ್ದರೆ. ಹೆಸರಿಡುವಾಗ ವರ್ಷ, ತಿಂಗಳು, ದಿನ, ಊರು, ಕ್ರಮಾಂಕ ಎಂಬ ಅನುಕ್ರಮ: '20241103-ಬದಿಯಡ್ಕ-02' ಎಂಬಂತೆ. ದಿನವನ್ನು ಮೊದಲು ಬರೆದರೆ ಫೈಲುಗಳು ಕಾಲಾನುಕ್ರಮದಲ್ಲಿ ನಿಲ್ಲುವುದಿಲ್ಲ. ಮೂರು ಗಂಟೆಯ ಮುದ್ರಣವನ್ನು ಇಡಿಯಾಗಿ ಏರಿಸುವುದಕ್ಕಿಂತ ಕಥೆಗೊಂದು ತುಂಡು ಮಾಡಿ ಏರಿಸುವುದು ಮೇಲು. ತಾಳವಾಡಿಯಂಥ ಗುಡ್ಡದೂರಿನಲ್ಲಿ ಸಂಪರ್ಕ ಕಡಿದರೆ ಒಂದು ತುಂಡಷ್ಟೇ ಮತ್ತೆ ಏರಿಸಬೇಕಾಗುತ್ತದೆ.

ಏರಿದ ಫೈಲು ಕ್ಷೇಮವಾಗಿ ಏರಿತೇ ಎಂದು ತಿಳಿಯುವುದು ಹೇಗೆ? ಋಕ್‌ಸಂಹಿತೆಯ ಸರ್ವಾನುಕ್ರಮಣಿಯಲ್ಲಿ ಪ್ರತಿ ಸೂಕ್ತಕ್ಕೂ ಎಷ್ಟು ಋಕ್ಕು ಎಂದು ಎಣಿಸಿಟ್ಟಿದ್ದಾರೆ. ಒಂದು ಬಿಟ್ಟುಹೋದರೆ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ಇಲ್ಲಿಯೂ ಅಂಥದೇ ಒಂದು ಉಪಾಯವುಂಟು. ಎಂಡಿ5 ಎಂಬ ಗಣನೆ ಎಷ್ಟೇ ದೊಡ್ಡ ಫೈಲಿಗೂ 32 ಅಕ್ಷರ-ಅಂಕಿಗಳ ಒಂದು ಮುದ್ರೆ ಕೊಡುತ್ತದೆ, ಒಂದು ಬೈಟು ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಎರಡೂ ಕಡೆ ಮುದ್ರೆ ಒಂದೇ ಬಂದರೆ ನಿಶ್ಚಿಂತೆ.

ಇನ್ನು ಕೂಡಿ ಬರೆಯುವ ವಿಚಾರ. ಪುಣೆಯ ಭಾಂಡಾರಕರ ಸಂಸ್ಥೆಯ ಮಹಾಭಾರತ ಸಂಶೋಧಿತ ಆವೃತ್ತಿಯಲ್ಲಿ ಪಾಠಗಳನ್ನು ತಾಳೆ ನೋಡುವ ಕೆಲಸ ಪುಣೆಯಲ್ಲಿ ಮಾತ್ರವಲ್ಲ, ಶಾಂತಿನಿಕೇತನ ಮತ್ತು ತಂಜಾವೂರಿನಲ್ಲಿಯೂ ನಡೆಯಿತು. ಆದಿಪರ್ವ 1933ರಲ್ಲಿ ಸಂಪೂರ್ಣವಾಯಿತು, ಇಡೀ ಗ್ರಂಥ ಮುಗಿದದ್ದು 1966ರಲ್ಲಿ. ಅಲ್ಲಿ ತಾಳೆನೋಡುವವರು ಪಾಠಭೇದವನ್ನು ಬರೆದಿಡುತ್ತಿದ್ದರೇ ಹೊರತು ಕೈಯಲ್ಲಿದ್ದ ಮಾತೃಕೆಯನ್ನು ತಿದ್ದುತ್ತಿರಲಿಲ್ಲ. ಗೂಗಲ್ ಡಾಕ್ಸಿನಂಥ ಜಾಗದಲ್ಲಿ ಸ್ವಭಾವವೇ ಬೇರೆ. ಒಂದೇ ಕರಡನ್ನು ಐವರೂ ಏಕಕಾಲದಲ್ಲಿ ತೆರೆದಿರುತ್ತಾರೆ. ಯಾರು ಒಂದು ಅಕ್ಷರ ಒತ್ತಿದರೂ 'ಇಂಥಲ್ಲಿ ಇದನ್ನು ಸೇರಿಸು', 'ಇಂಥದನ್ನು ಅಳಿಸು' ಎಂಬ ಸಣ್ಣ ಆದೇಶವಾಗಿ ಅದು ಸರ್ವರಿಗೆ ಹೋಗಿ, ಉಳಿದವರ ಆದೇಶಗಳೊಂದಿಗೆ ಹೊಂದಿಕೊಂಡು, ಎಲ್ಲರ ಪರದೆಗೂ ಬರುತ್ತದೆ. ಇದು ಅದ್ಭುತವೇ ಸರಿ. ಆದರೆ ತಿದ್ದಿದ ಗುರುತು ಪುಟದ ಮೇಲೆ ಕಾಣುವುದಿಲ್ಲ. ಹಿಂದಿನ ಲಿಪಿಕಾರ ಅಳಿಸಿ ಬರೆದರೆ ಓಲೆಯ ಮೇಲೆ ಗೀರಾದರೂ ಉಳಿಯುತ್ತಿತ್ತು.

ಇದರಿಂದ ಉಪಭಾಷೆಗೆ ಒದಗುವ ಅಪಾಯಕ್ಕೆ ನಮ್ಮಲ್ಲೇ ನಡೆದ ಒಂದು ಪ್ರಸಂಗ ಸಾಕು. ಹವ್ಯಕದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕದಲ್ಲಿ ಬರುತ್ತದೆ: 'ಅಬ್ಬೆ ಬಂತು', 'ಅಕ್ಕ ಬಂತು'. ಇದರಲ್ಲಿ ಅಗೌರವವೇನೂ ಇಲ್ಲ, ಅದು ಆ ಮಾತಿನ ಕಟ್ಟುಪಾಡು. ಬೆಂಗಳೂರಿನ ಹುಡುಗ ಶ್ರದ್ಧಾವಂತ. ಒಂದು ರಾತ್ರಿ ಕೂತು, ನಿದರ್ಶನ ವಾಕ್ಯಗಳ ಸಾಲಿನಲ್ಲಿ 38 ಕಡೆ 'ಬಂತು' ಇದ್ದದ್ದನ್ನು 'ಬಂದಳು' ಎಂದು ಮಾಡಿಟ್ಟ. ಬೆಳಿಗ್ಗೆ ಕೇಳಿದರೆ "ಸರ್, ಅದು ಗ್ರಾಮರ್ ತಪ್ಪಲ್ವಾ? ತಾಯಿಗೆ ಯಾರಾದ್ರೂ ಬಂತು ಅಂತಾರಾ?" ಎಂದ. ಅಂತಾರೆ ಮಾರಾಯಾ, ನಮ್ಮ ಮನೆಯಲ್ಲೇ ಅಂತಾರೆ! ಆ ವಾಕ್ಯಗಳಲ್ಲಿ ಹನ್ನೊಂದನ್ನು ಹೇಳಿದ ಅಜ್ಜಿ ಆ ಹೊತ್ತಿಗೆ ತೀರಿಕೊಂಡು ಎರಡು ತಿಂಗಳಾಗಿತ್ತು. ಮತ್ತೆ ಹೋಗಿ ಕೇಳಿ ಬರೆದುಕೊಳ್ಳುವ ಹಾಗಿರಲಿಲ್ಲ.

ಅಪರಿಚಿತವಾದ ರೂಪ ಕಂಡರೆ ಪರಿಚಿತವಾದದ್ದಕ್ಕೆ ತಿರುಗಿಸುವುದು ಲಿಪಿಕಾರರ ಹಳೆಯ ಚಾಳಿ. ಆದ್ದರಿಂದಲೇ ಗ್ರಂಥಸಂಪಾದಕರು ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಉಪಭಾಷೆಯ ಪಟ್ಟಿಯಲ್ಲಿ ಪ್ರತಿಯೊಂದು ರೂಪವೂ ಕ್ಲಿಷ್ಟಪಾಠವೇ. 'ಎನಗೆ' ಎಂದು ಬರೆಯ ಹೋದರೆ 'ನನಗೆ' ಎನ್ನುವವರು ಜನರಲ್ಲೂ ಇದ್ದಾರೆ, ಮೊಬೈಲಿನ ಕೀಲಿಮಣೆಯಲ್ಲೂ ಇದ್ದಾರೆ. ಕೀಲಿಮಣೆಯ ತನ್ನಷ್ಟಕ್ಕೇ ತಿದ್ದುವ ಸೌಲಭ್ಯವನ್ನು ಈ ಕೆಲಸದ ಮಟ್ಟಿಗೆ ಮುಚ್ಚಿಬಿಡುವುದೇ ಒಳ್ಳೆಯದು.

ಕೆಟ್ಟದ್ದನ್ನು ಸರಿಪಡಿಸಿದ ಬಗೆಯನ್ನು ಹೇಳಬೇಕು, ಏಕೆಂದರೆ ಅಲ್ಲಿಯೂ ಒಂದು ಹೊಂಡವಿದೆ. ಡಾಕ್ಸಿನಲ್ಲೂ ಶೀಟ್ಸಿನಲ್ಲೂ 'ವರ್ಷನ್ ಹಿಸ್ಟರಿ' ಎಂಬುದೊಂದುಂಟು. ಯಾವ ಹೊತ್ತಿಗೆ ಯಾರು ಏನು ಬದಲಿಸಿದರು ಎಂಬುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ನನ್ನ ಸೋದರಳಿಯ ಕೂಡಲೇ ಹಿಂದಿನ ದಿನದ ಪ್ರತಿಗೆ ಮರಳಿಸುತ್ತೇನೆಂದು ಹೊರಟ. ಆದರೆ ಅದೇ ರಾತ್ರಿ ಅಕ್ಕಲಕೋಟದ ಮಾಸ್ತರರು 25 ಹೊಸ ಶಬ್ದಗಳನ್ನು ಸೇರಿಸಿದ್ದರು. ಇಡೀ ಪ್ರತಿಯನ್ನು ಮರಳಿಸಿದ್ದರೆ ಅವೂ ಪಟ್ಟಿಯಿಂದ ಬಿದ್ದುಹೋಗುತ್ತಿದ್ದವು. ಹಾಗಾಗಿ ಹಳೆಯ ಪ್ರತಿಯ ಒಂದು ನಕಲನ್ನು ಬೇರೆ ಹೆಸರಿನಲ್ಲಿ ತೆರೆದು, ಕೆಟ್ಟ 38 ವಾಕ್ಯಗಳನ್ನಷ್ಟೇ ಅಲ್ಲಿಂದ ತಂದು, ಒಂದೊಂದನ್ನೂ ಧ್ವನಿಗೆ ತಾಳೆ ಹಾಕಿದೆವು. ಒಂದೇ ಮನೆಯ ಚರಿತ್ರೆ ಬೇಕಾದರೆ ಶೀಟ್ಸಿನಲ್ಲಿ ಆ ಮನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಸಿಗುತ್ತದೆ. ಹಳೆಯ ಪ್ರತಿಗಳನ್ನು ಗೂಗಲು ಕೆಲವೊಮ್ಮೆ ಒಂದರಲ್ಲೊಂದು ಕೂಡಿಸಿಬಿಡುವುದರಿಂದ ಮುಖ್ಯ ಘಟ್ಟಗಳಿಗೆ ಹೆಸರು ಕೊಟ್ಟಿಡಬೇಕು. ನಾವು ಪ್ರತಿ ಹುಣ್ಣಿಮೆಗೆ ಒಂದು ಹೆಸರು ಕೊಡುತ್ತೇವೆ, ನೆನಪಿಗೆ ಸುಲಭ.

ಆ ಮೇಲೆ ನಾವು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಪದಪಟ್ಟಿ ಶೀಟ್ಸಿನಲ್ಲಿ: ಉಚ್ಚರಿಸಿದ ರೂಪ, ಅರ್ಥ, ವಾಕ್ಯ, ಊರು, ಧ್ವನಿಫೈಲಿನ ಹೆಸರು, ಅದರಲ್ಲಿ ನಿಮಿಷ-ಸೆಕೆಂಡು, ಬರೆದವರು. ಇವುಗಳಲ್ಲಿ ಉಚ್ಚರಿಸಿದ ರೂಪ ಮತ್ತು ವಾಕ್ಯದ ಸಾಲುಗಳಿಗೆ 'ಪ್ರೊಟೆಕ್ಟ್' ಎಂಬ ಬೀಗ ಹಾಕಿದೆ. ಅದರ ಕೀಲಿ ಆಯಾ ಉಪಭಾಷೆಯನ್ನು ಮನೆಯಲ್ಲಿ ಆಡುವವರಿಗೆ ಮಾತ್ರ. ಉಳಿದವರು ಟಿಪ್ಪಣಿ ಹಾಕಬಹುದು. ಶೀಟ್ಸಿನಲ್ಲಿ ಸೂಚನೆಯಾಗಿ ತಿದ್ದುವ ಕ್ರಮ ಇಲ್ಲದ್ದರಿಂದ ಬೀಗವೇ ಗತಿ. ಪೀಠಿಕೆ ಮತ್ತು ವ್ಯಾಕರಣ ಟಿಪ್ಪಣಿಗಳು ಡಾಕ್ಸಿನಲ್ಲಿವೆ. ಅಲ್ಲಿ 'ಸಜೆಸ್ಟಿಂಗ್' ಎಂಬ ರೀತಿಯಲ್ಲಿ ಬರೆದರೆ ಹಳೆಯದು ಗೀರಿನೊಂದಿಗೆ ಉಳಿದು, ಹೊಸದು ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು ಬಿಡುವುದು ಸಂಪಾದಕನಿಗೆ ಸೇರಿದ್ದು. ಬೆಂಗಳೂರಿನ ಹುಡುಗನೇ ಈ ಬೀಗಗಳನ್ನೆಲ್ಲ ಹಾಕಿಕೊಟ್ಟವನು. ಕೆಲಸಗಾರ.

ಅಕ್ಷರದ ವಿಚಾರಕ್ಕೆ ಎರಡು ಮಾತು. ಹಿಂದೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಲೇಖನಗಳನ್ನು ಹಾಗೇ ಏರಿಸಿದರೆ ಪರದೆಯ ಮೇಲೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬೀಳುತ್ತದೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು; ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿನಿಂದಲೇ ನೋಡಬೇಕು. ಎರಡನೆಯದು ಹವ್ಯಕದ ಅನುನಾಸಿಕ. ಇದನ್ನು ಕೆಲವರು 'ಅವ°' ಎಂದು ಉಷ್ಣಾಂಶದ ಸೊನ್ನೆ ಹಾಕಿ ಬರೆಯುತ್ತಾರೆ, ಕೆಲವರು 'ಅವಂ' ಎಂದು ಅನುಸ್ವಾರದಿಂದ. ಯೂನಿಕೋಡಿನಲ್ಲಿ 2014ರಿಂದ ಕನ್ನಡಕ್ಕೇ ಒಂದು ಚಂದ್ರಬಿಂದುವೂ ಇದೆ. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಶಬ್ದಗಳು. ಒಂದನ್ನು ಹುಡುಕಿದರೆ ಉಳಿದೆರಡು ಸಿಗುವುದಿಲ್ಲ, ಅಕಾರಾದಿಯೂ ಕೆಡುತ್ತದೆ. ನಮ್ಮ ಪಟ್ಟಿಯಲ್ಲಿ ಚಂದ್ರಬಿಂದು ಎಂದು ನಿಶ್ಚಯಿಸಿದೆವು. ನನ್ನ ಸೋದರಳಿಯನಿಗೆ ಇನ್ನೂ ಆ ಸೊನ್ನೆಯ ಮೇಲೆಯೇ ಪ್ರೀತಿ.

ಕೊನೆಗೆ ಒಡೆತನ. ನನ್ನ ಫೋಲ್ಡರಿನಲ್ಲಿ ಅಕ್ಕಲಕೋಟದ ಮಾಸ್ತರರು ಏರಿಸಿದ ಫೈಲು ನನ್ನದಲ್ಲ, ಅವರದೇ. ಜಾಗದ ಲೆಕ್ಕವೂ ಅವರ ಖಾತೆಗೆ. ಅವರು ಅಳಿಸಿದರೆ 30 ದಿನ ಕಸದಬುಟ್ಟಿಯಲ್ಲಿದ್ದು ಆಮೇಲೆ ಎಲ್ಲರಿಗೂ ಇಲ್ಲವಾಗುತ್ತದೆ. ಮೇಲಾಗಿ ಗೂಗಲಿನ ನಿಯಮದಂತೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ತೆಗೆದುಹಾಕಬಹುದು. 2023ರ ಡಿಸೆಂಬರಿನಿಂದ ಈ ಕ್ರಮ ಜಾರಿಯಲ್ಲಿದೆ. ಗಡಿನಾಡಿನ ಸಂಗ್ರಾಹಕರಲ್ಲಿ ಬಹುಪಾಲು ನನ್ನ ಪ್ರಾಯದವರು. ನಾವು ಹೋದ ಎರಡು ವರ್ಷಕ್ಕೆ ನಮ್ಮ ಅಜ್ಜಿಯಂದಿರ ಧ್ವನಿಯೂ ಹಿಂದೆಯೇ ಬಂದೀತು. ವಿಶ್ವವಿದ್ಯಾಲಯಗಳು ತಮ್ಮ ಸಂಸ್ಥೆಯ ಖಾತೆಯಲ್ಲಿ 'ಶೇರ್ಡ್ ಡ್ರೈವ್' ಮಾಡಿಕೊಟ್ಟರೆ ಫೈಲು ಸಂಸ್ಥೆಯ ಸೊತ್ತಾಗಿ ಉಳಿಯುತ್ತದೆ, ವ್ಯಕ್ತಿ ಬಿಟ್ಟುಹೋದರೂ ಚಿಂತೆ ಇಲ್ಲ. ಈ ವಿಚಾರಸಂಕಿರಣ ನಡೆಸುವ ಹಿರಿಯರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು ಎಂದು ನನ್ನ ಬಿನ್ನಹ. ಅಲ್ಲಿಯವರೆಗೆ, ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮೊದಲೇ ಬರೆದಿಡುವ ವ್ಯವಸ್ಥೆ ಖಾತೆಯಲ್ಲೇ ಇದೆ; ಒಂದು ಬಗೆಯ ಮರಣಶಾಸನ. ನಾನು ಸೋದರಳಿಯನ ಹೆಸರು ಕೊಟ್ಟಿದ್ದೇನೆ. ಪದಪಟ್ಟಿಯ ಯಜಮಾನಿಕೆಯನ್ನು ಈಗಾಗಲೇ ಅವನಿಗೆ ವಹಿಸಿಯಾಯಿತು. ಧ್ವನಿಫೈಲುಗಳ ಇನ್ನೆರಡು ಪ್ರತಿಗಳು ಹಾರ್ಡ್ ಡಿಸ್ಕಿನಲ್ಲಿವೆ: ಒಂದು ನಮ್ಮ ಮನೆಯಲ್ಲಿ, ಒಂದು ಅಕ್ಕಲಕೋಟದಲ್ಲಿ. ಮಾತಾಡಿದವರು 'ಇದು ಹೊರಗೆ ಹೋಗಬಾರದು' ಎಂದ ನಾಲ್ಕು ಮುದ್ರಿಕೆಗಳನ್ನು ಡ್ರೈವಿಗೆ ಏರಿಸಲೇ ಇಲ್ಲ. ಅವು ಆ ಎರಡು ಡಿಸ್ಕುಗಳಲ್ಲಿ ಮಾತ್ರ ಇವೆ.