ಮಾರಲಾಗದ ಜಾಗಕ್ಕೂ ಬೆಲೆ ಉಂಟು

ತಮಿಳುನಾಡಿನ ಹೊಸೂರಿನಲ್ಲಿ ಸೈಟಿನ ಮಾತೆತ್ತಿದರೆ ಚದರಡಿ ಲೆಕ್ಕ ಎಲ್ಲರ ನಾಲಿಗೆ ತುದಿಯಲ್ಲಿರುತ್ತದೆ. ಅದೇ ಬಡಾವಣೆಯ ಪಾರ್ಕಿನ ಬೆಲೆ ಎಷ್ಟೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬ ವಿಚಾರಿಸಲಿ, "ಮಾರೋಕಾಗದ ಜಾಗಕ್ಕೆ ಎಂಥಾ ಬೆಲೆ?" ಎಂದು ನಗುವವರೇ ಹೆಚ್ಚು.

ಬೆಲೆಯಿದೆ, ಅಳೆಯುವ ದಾರಿಯೂ ಇದೆ. ಒಂದೇ ಅಳತೆ, ಒಂದೇ ಅಗಲದ ರಸ್ತೆ ಇರುವ ಎರಡು ಸೈಟುಗಳಲ್ಲಿ ಒಂದು ಪಾರ್ಕಿನ ಎದುರು, ಇನ್ನೊಂದು ಗೋದಾಮಿನ ಗೋಡೆಯ ಎದುರು ಇದ್ದರೆ ದರ ಒಂದೇ ಇರುವುದಿಲ್ಲ. ಇಂಥ ನೂರಾರು ವ್ಯಾಪಾರ ಜೋಡಿಸಿ ಪಾರ್ಕಿನ ಪಾಲೆಷ್ಟೆಂದು ಬೇರ್ಪಡಿಸುವ ವಿಧಾನಕ್ಕೆ 1974ರಲ್ಲಿ ಅರ್ಥಶಾಸ್ತ್ರಜ್ಞ ಷರ್ವಿನ್ ರೋಸೆನ್ ಗಟ್ಟಿ ತಳಹದಿ ಹಾಕಿದರು. ಇನ್ನೊಂದು ದಾರಿ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಸೂಚಿಸಿದ್ದು. ಭಾನುವಾರ ಹೊಸೂರಿನ ಸಂಸಾರವೊಂದು ಐವತ್ತು ಕಿಲೋಮೀಟರ್ ದಾಟಿ ಕೃಷ್ಣಗಿರಿ ಅಣೆಕಟ್ಟೆಯ ಉದ್ಯಾನಕ್ಕೆ ಹೋಗುತ್ತದೆ ಅನ್ನಿ. ಟಿಕೆಟ್ಟಿಗೆ ಕೊಡುವುದು ಚಿಲ್ಲರೆ. ಪೆಟ್ರೋಲು, ಬಸ್ ಚಾರ್ಜು, ಕಳೆದ ಹೊತ್ತು ಸೇರಿಸಿದರೆ ಆ ಹಸಿರಿಗೆ ಅವರು ನಿಜಕ್ಕೂ ತೆತ್ತದ್ದು ತಿಳಿಯುತ್ತದೆ.

ಹಾಗೆಂದು ಸೈಟಿನ ದರ ಏರಿದಷ್ಟೇ ಪಾರ್ಕಿನ ಬೆಲೆ ಎಂದುಕೊಳ್ಳುವುದೂ ತಪ್ಪೇ. ಸಿಪ್ಕಾಟ್‌ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಮುಗಿಸಿ, ಒಂದೇ ರೂಮಿನ ಬಾಡಿಗೆ ಮನೆಯಿಂದ ಬಂದು ಬೆಂಚಿನ ಮೇಲೆ ಕೂರುವ ಹುಡುಗನ ನೆಮ್ಮದಿ ಯಾವ ಕ್ರಯಪತ್ರದಲ್ಲೂ ದಾಖಲಾಗದು. "ಪಾರ್ಕಿಗೆ ತಿಂಗಳಿಗೆಷ್ಟು ಕೊಡುತ್ತೀಯಪ್ಪಾ?" ಎಂದು ಕೇಳಿದರೆ ಅವನು ಹೇಳುವುದು ಜೇಬಿನ ಲೆಕ್ಕ, ಬೇಕೆನಿಸುವುದರ ಲೆಕ್ಕವಲ್ಲ. ಹೀಗೆ ಕೇಳಿ ಬೆಲೆ ಕಟ್ಟುವ ಸಮೀಕ್ಷೆಗಳಲ್ಲಿ ಉಳ್ಳವರ ಆಸೆ ದೊಡ್ಡದಾಗಿ ಕಾಣುವುದು ಇದರಿಂದಲೇ. ಹೊಸೂರಿನ ರಾಮನಾಯಕನ ಕೆರೆಯಂಥ ಜಾಗ ಹಿಡಿದಿಟ್ಟುಕೊಳ್ಳುವ ಮಳೆನೀರನ್ನೂ ಬೇರೆಯಾಗಿಯೇ ಎಣಿಸಬೇಕು.

ಇನ್ನೊಂದು ನಂಬಿಕೆ: ಪಾರ್ಕಿನಲ್ಲಿ ಆಸ್ಪತ್ರೆ ಕಟ್ಟಿದರೆ ಊರಿಗೇ ಲಾಭ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. ಆ ಹಂಚಿಕೆ ನಿಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪಿತ್ತಿತು. ಆಸ್ಪತ್ರೆ ಬೇಡವೆಂದಲ್ಲ, ಪಾರ್ಕಿನ ಜಾಗ ಅದಕ್ಕಲ್ಲವೆಂದು.

ಲೇಔಟ್ ಮಾಡಿದವರದೇ ಪಾರ್ಕು ಎಂಬುದಂತೂ ಶುದ್ಧ ಸುಳ್ಳು. ತಮಿಳುನಾಡಿನ 2019ರ ನಿಯಮದಂತೆ 10,000 ಚದರ ಮೀಟರ್ ಮೀರಿದ ಬಡಾವಣೆಯಲ್ಲಿ ರಸ್ತೆ ಕಳೆದು ಉಳಿದದ್ದರ ಶೇ. 10ರಷ್ಟನ್ನು ಸಾರ್ವಜನಿಕರಿಗೆ ಬಿಟ್ಟು, ದಾನಪತ್ರ ಮಾಡಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಹೊಸೂರಿನಲ್ಲಿ ಸೈಟು ಕೊಳ್ಳುವವರು ಮುಂಗಡ ಕೊಡುವ ಮುನ್ನ ಆ ದಾನಪತ್ರದ ನಕಲು ಕೇಳಿ ನೋಡಿ.